ಎಂಜಿನ್ನಿನ ಒಡಲಿಗೆ ಸಾಣೆ

ಅರೆಯುವ ಕಲ್ಲು ಬಳಸಿ ಬಳಸಿ ನುಣ್ಣಗಾದರೆ ಅಕ್ಕಿ ಅದರಲ್ಲಿ ನುರಿಯುವುದಿಲ್ಲ, ಜಾರುತ್ತದೆ. ಆಗ ಕಲ್ಲುಕೆಲಸದವನನ್ನು ಕರೆಸಿ ಉಳಿಯಿಂದ ಸಣ್ಣ ಸಣ್ಣ ಕಚ್ಚುಗಳನ್ನು ಹೊಡೆಸಬೇಕು. ಕಾರ್ಕಳದ ಕಡೆಯ ಗೃಹಿಣಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನುಣುಪು ಎಲ್ಲ ಕಡೆಯೂ ಗುಣವಲ್ಲವೆಂಬ ಇದೇ ತಿಳಿವಳಿಕೆ ಮೋಟಾರು ಎಂಜಿನ್ನಿಗೂ ಸಲ್ಲುತ್ತದೆಂದರೆ ಓದುಗರಿಗೆ ತುಸು ಆಶ್ಚರ್ಯವಾದೀತು.

ಎಂಜಿನ್ನೆಂದರೆ ಮೂಲತಃ ಎರಕದ ಕಬ್ಬಿಣದ ಒಂದು ಕೊಳವೆ, ಅದರೊಳಗೆ ಓಡಾಡುವ ಒಂದು ಪಿಸ್ಟನ್ನು. ಪಿಸ್ಟನ್ನಿಗೆ ಬಳೆಗಳಂತೆ ತೊಡಿಸಿದ ರಿಂಗುಗಳು ಕೊಳವೆಯ ಗೋಡೆಗೆ ಒತ್ತಿ ನಿಂತು ಉರಿಯ ಒತ್ತಡ ಕೆಳಕ್ಕೆ ಸೋರದಂತೆ ತಡೆಯುತ್ತವೆ. ಗೋಡೆ ಕನ್ನಡಿಯಂತಾದರೆ ಅದರ ಮೇಲೆ ಎಣ್ಣೆ ನಿಲ್ಲದು. ಹೊಸ ರಿಂಗು ಹಾಕಿದರೂ ಅದು ಗೋಡೆಗೆ ಹೊಂದಿಕೊಳ್ಳದು. ಆದುದರಿಂದ ರಿಂಗು ಬದಲಾಯಿಸುವಾಗ ಒಳಗೋಡೆಗೆ ಕಲ್ಲು ಹಿಡಿದು ನವಿರಾದ ಗೀರುಗಳನ್ನು ಮೂಡಿಸುತ್ತಾರೆ. ಇದಕ್ಕೆ ಹೋನಿಂಗ್ ಎಂಬ ಇಂಗ್ಲಿಷ್ ಹೆಸರೇ ನಮ್ಮ ಗ್ಯಾರೇಜುಗಳಲ್ಲಿ ನಿಂತಿದೆ. ಹೋನ್ ಎಂದರೆ ಆ ಭಾಷೆಯಲ್ಲಿ ಕ್ಷೌರದ ಕತ್ತಿಯನ್ನು ಮಸೆಯುವ ಕಲ್ಲು. ನಮ್ಮ ‘ಸಾಣೆ’ ಅದಕ್ಕೆ ಒಪ್ಪುವ ಮಾತಾಗಿತ್ತು. ಮೆಕ್ಯಾನಿಕ್ಕರ ಬಾಯಿಗೆ ಅದು ಬರಲಿಲ್ಲ. ಇರಲಿ.

ಕೊಳವೆಯೊಂದನ್ನು ಒಳಗಿನಿಂದ ಸರಿಯಾಗಿ ದುಂಡಗೆ ಕೊರೆಯುವುದೇ ಒಂದು ಕಾಲಕ್ಕೆ ಕೈಗೆಟುಕದ ಕೆಲಸವಾಗಿತ್ತು. ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ಹಕ್ಕುಪತ್ರ ಪಡೆದದ್ದು 1769ರಲ್ಲಿ. ಆದರೂ ಹಲವು ವರ್ಷ ಅದು ಮಾರಾಟಕ್ಕೆ ಬರುವ ಯಂತ್ರವಾಗಲಿಲ್ಲ. ಹಣದ ಅಡಚಣೆ ಇದ್ದದ್ದು ನಿಜ. ಅದಕ್ಕಿಂತ ಕಾಡಿದ್ದು ಪಿಸ್ಟನ್ನಿಗೂ ಗೋಡೆಗೂ ನಡುವಣ ಸಂದಿ. ಏನು ತುರುಕಿದರೂ ಉಗಿ ಸೋರುತ್ತಿತ್ತು. 1774ರಲ್ಲಿ ಜಾನ್ ವಿಲ್ಕಿನ್ಸನ್ ಎಂಬ ಕಬ್ಬಿಣದ ಉದ್ಯಮಿ ಫಿರಂಗಿ ಕೊರೆಯುವ ಹೊಸ ವಿಧಾನಕ್ಕೆ ಹಕ್ಕುಪತ್ರ ಪಡೆದ; ಮುಂದೆ ಕೊರೆಯುವ ದಂಡಕ್ಕೆ ಎರಡೂ ತುದಿಗಳಲ್ಲಿ ಆಧಾರ ಕೊಟ್ಟು ವಾಟನಿಗೆ ಸಿಲಿಂಡರುಗಳನ್ನು ಕೊರೆದುಕೊಟ್ಟ. 50 ಅಂಗುಲ ಅಗಲದ ಸಿಲಿಂಡರಿನಲ್ಲಿ ತಪ್ಪು ಹಳೆಯ ಷಿಲಿಂಗ್ ನಾಣ್ಯದ ದಪ್ಪದಷ್ಟೂ ಇಲ್ಲವೆಂದು ವಾಟನ ಪಾಲುಗಾರ ಬೋಲ್ಟನ್ ಹಿಗ್ಗಿನಿಂದ ಬರೆದಿದ್ದಾನೆ. ಇಂದಿನ ಲೇತಿನ ಅಂಗಡಿಯ ಹುಡುಗ ಆ ಲೆಕ್ಕ ಕೇಳಿದರೆ ನಕ್ಕಾನು. ಆದರೆ 1776ರಲ್ಲಿ ವಾಟನ ಯಂತ್ರಗಳು ಕೆಲಸಕ್ಕೆ ನಿಂತದ್ದು ಆ ದುಂಡಿನ ಬಲದಿಂದಲೇ.

ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಜಿಲ್ಲೆಯಲ್ಲಿ ಬಸ್ಸಿನ ಕಥೆ ಬೆಳೆದದ್ದು ಮಂಗಳೂರಿನ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿಯೊಂದಿಗೆ. 1914ರಲ್ಲಿ ಹುಟ್ಟಿದ ಈ ಕಂಪೆನಿ ಜನರ ಬಾಯಲ್ಲಿ ಸಿ.ಪಿ.ಸಿ. ಆಯಿತು. ಕಡಲ ಬದಿಯ ದಾರಿಯಲ್ಲಿ ಹೊಳೆಗೊಂದು ದೋಣಿ. ಒಳನಾಡಿನ ದಾರಿಯಲ್ಲಿ ಮುರಕಲ್ಲಿನ ಕೆಂಪು ಧೂಳು. ಈ ಧೂಳು ಪ್ರಯಾಣಿಕರ ಬಿಳಿ ಪಂಚೆಯನ್ನಷ್ಟೇ ಹಾಳುಮಾಡಲಿಲ್ಲ. ಗಾಳಿಯೊಡನೆ ಎಂಜಿನ್ನಿಗೆ ಹೊಕ್ಕು, ಎಣ್ಣೆಯೊಡನೆ ಬೆರೆತು, ಗೋಡೆಯನ್ನು ಅರದಂತೆ ಉಜ್ಜಿತು.

ಎರಡನೆಯ ಮಹಾಯುದ್ಧದ ದಿನಗಳಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಕಷ್ಟ ಇಮ್ಮಡಿಸಿತು. ಬಸ್ಸಿನ ಬೆನ್ನಿಗೆ ಪೀಪಾಯಿಯಂಥ ಒಲೆ ಕಟ್ಟಿ, ಇದ್ದಿಲು ತುಂಬಿ, ಕೈಯಿಂದ ಗಾಳಿಯಂತ್ರ ತಿರುಗಿಸಿ ಹೊತ್ತಿಸುತ್ತಿದ್ದರು. ಸಾಕಷ್ಟು ಗಾಳಿ ಸಿಗದೆ ಬೇಯುವ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದನ್ನೇ ಸೋಸಿ ಎಂಜಿನ್ನಿಗೆ ಉಣಿಸುವುದು. ಏರಿನಲ್ಲಿ ಬಸ್ಸು ಏದುಸಿರು ಬಿಡುತ್ತಿದ್ದ ಕಥೆಯನ್ನು ಹಿರಿಯರು ಸೊಗಸಾಗಿ ಹೇಳುತ್ತಿದ್ದರು. ಸೋಸುಗಕ್ಕೂ ಸಿಕ್ಕದ ನವಿರು ಬೂದಿ ಸಿಲಿಂಡರನ್ನು ಸವೆಸುವ ಕಥೆ ಮಾತ್ರ ಯಾರೂ ಹೇಳುವಂಥದ್ದಲ್ಲ. ಅದು ವರ್ಕ್‌ಶಾಪಿನವರ ಪಾಡು. ಹೊರದೇಶದಿಂದ ಬರಬೇಕಾದ ಪಿಸ್ಟನ್ನು ಯುದ್ಧಕಾಲದಲ್ಲಿ ಕೇಳಿದಾಗ ಸಿಗುವ ವಸ್ತುವಾಗಿರಲಿಲ್ಲ. ಇದ್ದುದನ್ನೇ ಉಳಿಸಿಕೊಳ್ಳುವ ಕಸುಬು ಇಂಥ ಇಕ್ಕಟ್ಟಿನಲ್ಲಿಯೇ ಬಲಿಯುತ್ತದೆ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತುಗಳನ್ನು ಕೊಟ್ಟಿತು. 1957ರಲ್ಲಿ ಮಣಿಪಾಲದಲ್ಲಿ ಡಾ. ಟಿ. ಎಂ. ಎ. ಪೈಗಳ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಕೈಗೆ ಗೊತ್ತಿದ್ದುದಕ್ಕೆ ಪುಸ್ತಕವೂ ಜೊತೆಯಾಯಿತು.

ಈ ಕಸುಬು ಮನೆಯ ಜಗುಲಿಗೆ ಬಂದದ್ದು ಮೋಟಾರು ಸೈಕಲ್ಲಿನೊಂದಿಗೆ. ಅದರಲ್ಲಿಯೂ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಬೈಕು ಸರಳ ಯಂತ್ರ: ಒಂದೇ ಸಿಲಿಂಡರು, ಎರಡು ಸ್ಟ್ರೋಕು, 65 ಮಿಲಿಮೀಟರು ಬೋರು. 1961ರಲ್ಲಿ ಆರಂಭವಾದ ಉತ್ಪಾದನೆ, ಮುಂದೆ ಯೆಜ್ಡಿಯೆಂಬ ಹೆಸರು ಹೊತ್ತು, 1996ರಲ್ಲಿ ನಿಂತುಹೋಯಿತು. 2018ರಲ್ಲಿ ಜಾವಾ ಹೆಸರಿನ ಬೈಕು ಮತ್ತೆ ಬಂದಿತಾದರೂ ಅದರದು ನಾಲ್ಕು ಸ್ಟ್ರೋಕಿನ ಬೇರೆಯೇ ಎಂಜಿನ್ನು.

1901ರಿಂದ ದೀಪಸ್ತಂಭ ನಿಂತಿರುವ ಕಾಪುವಿನಂಥ ಕಡಲೂರಿನಲ್ಲಿ, ಒಂದು ಮಳೆಗಾಲ ಬೈಕನ್ನು ಮೂಲೆಯಲ್ಲಿ ನಿಲ್ಲಿಸಿಬಿಟ್ಟರೆ ಉಪ್ಪುಗಾಳಿಗೆ ಒಳಗೋಡೆ ತುಕ್ಕು ಹಿಡಿದು ರಿಂಗು ಅಂಟಿಕೊಳ್ಳುತ್ತದೆ. ಆಗ ಸಿಲಿಂಡರು ಬಿಚ್ಚಿ, ಕೈಡ್ರಿಲ್ಲಿಗೆ ಹೋನಿಂಗಿನ ಸಾಧನ ಸಿಕ್ಕಿಸಿ ಮನೆಯಲ್ಲೇ ಉಜ್ಜುವ ಆಸೆ ಬರುವುದು ಸಹಜ. ಸಾಧನದಲ್ಲಿ ಎರಡು ಬಗೆ. ಸ್ಪ್ರಿಂಗಿನ ಕಾಲುಗಳಿಗೆ ಕಲ್ಲಿನ ತುಂಡು ಕಟ್ಟಿದ್ದು ಒಂದು. ಕುಂಚದ ತುದಿತುದಿಗೆ ಸಾಣೆಗೋಲಿ ಅಂಟಿಸಿದ್ದು ಇನ್ನೊಂದು. ಎರಡು ಸ್ಟ್ರೋಕಿನ ಗೋಡೆಯಲ್ಲಿ ಅನಿಲ ಹೋಗಿಬರುವ ಕಿಂಡಿಗಳಿರುವುದರಿಂದ ಮೊದಲನೆಯದರ ಕಲ್ಲು ಅಲ್ಲಿ ಸಿಕ್ಕಿ ಒಡೆಯುವುದುಂಟು, ಗೋಲಿಯದೇ ವಾಸಿ. ಡ್ರಿಲ್ಲು ನಿಧಾನ ತಿರುಗಬೇಕು, ಎಣ್ಣೆ ಧಾರಾಳವಾಗಿರಬೇಕು, ಕೈ ಒಂದೆಡೆ ನಿಲ್ಲದೆ ಮೇಲೆ ಕೆಳಗೆ ಆಡುತ್ತಿರಬೇಕು. ಗೀರುಗಳು ಚಾಪೆಯ ಹೆಣಿಗೆಯಂತೆ ಒಂದನ್ನೊಂದು ಓರೆಯಾಗಿ ದಾಟಿದರೆ ಕೆಲಸ ಮುಗಿಯಿತು. ಕೆಲವು ಸೆಕೆಂಡುಗಳ ಮಾತು. ಆಮೇಲೆ ಸಾಬೂನು, ಬಿಸಿನೀರು ಹಾಕಿ, ಬಿಳಿ ಬಟ್ಟೆ ಒರೆಸಿದರೆ ಬಿಳಿಯಾಗಿಯೇ ಬರುವ ತನಕ ತೊಳೆಯಬೇಕು. ಬರಿಯ ಸೀಮೆಎಣ್ಣೆಗೆ ಸಾಣೆಯ ಪುಡಿ ಬಿಡದು. ಉಳಿದ ಪುಡಿ ಹಳೆಯ ಇದ್ದಿಲು ಬೂದಿಯ ಕೆಲಸವನ್ನೇ ಮಾಡುತ್ತದೆ. ತೊಳೆದೊಡನೆ ಎಣ್ಣೆ ಸವರಬೇಕು.

ಇಷ್ಟು ಸುಲಭವೆಂದು ಕಂಡಾಗಲೇ ತಪ್ಪು ಆಗುವುದು. ಈ ಸಾಧನ ಗೋಡೆ ಇದ್ದ ಆಕಾರವನ್ನೇ ಅನುಸರಿಸುತ್ತದೆ. ಅಂಡಾಕಾರವಾದುದನ್ನು ದುಂಡಗೆ ಮಾಡದು. ಸವೆತ ಹೆಚ್ಚಾಗಿರುವುದು ರಿಂಗು ಮೇಲೆ ಹೋಗಿ ತಿರುಗುವ ಜಾಗದಲ್ಲಿ, ಏಕೆಂದರೆ ಅಲ್ಲಿ ಉರಿ ಹೆಚ್ಚು, ಎಣ್ಣೆ ಕಡಿಮೆ. ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಅಳತೆ ಹಿಡಿಯದೆ ಕಲ್ಲು ಹಾಕುವವನು ವೈದ್ಯನಲ್ಲ. ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಸವೆದಿದ್ದರೆ ಲೇತಿನ ಅಂಗಡಿಗೆ ಒಯ್ದು ಬೋರ್ ಮಾಡಿಸಿ ದೊಡ್ಡ ಪಿಸ್ಟನ್ನು ಹಾಕಿಸುವುದೇ ದಾರಿ. ಆದರೆ ಆ ದಾರಿಗೂ ಕೊನೆಯಿದೆ. 65.25, 65.50 ಎಂದು ಕಾಲು ಕಾಲು ಮಿಲಿಮೀಟರು ಏರಿದಂತೆ ಗೋಡೆ ತೆಳ್ಳಗಾಗುತ್ತ ಹೋಗುತ್ತದೆ. ಕಾರ್ಖಾನೆ ಮುಚ್ಚಿದ ಮೇಲೆ ಆ ಕಾಲದ ಸಿಲಿಂಡರು ಇನ್ನು ಹುಟ್ಟುವಂತಿಲ್ಲ. ಹುರುಪಿನಿಂದ ಉಜ್ಜಿದ ಐದು ನಿಮಿಷಕ್ಕೆ ಒಂದು ಸೈಜೇ ವ್ಯರ್ಥವಾಗಬಹುದು. ಬಲ್ಲ ಮೆಕ್ಯಾನಿಕ್ಕು ಅಂಥ ಬೈಕು ಕಂಡೊಡನೆ ಮಾದರಿ ಯಾವ ವರ್ಷದ್ದೆಂದು ಕೇಳುವುದಿಲ್ಲ. “ಇದು ಎಷ್ಟನೆಯ ಬೋರು ಮಾರಾಯ್ರೆ?” ಎನ್ನುತ್ತಾನೆ.