ಓದುವ ಹಕ್ಕಿನಿಂದ ತಿದ್ದುವ ಹಕ್ಕಿನೆಡೆಗೆ

ಶಾಲೆಯೊಂದರ ನೂರು ವರ್ಷಗಳ ಇತಿಹಾಸ ಬರೆಯುವಾಗ ಕಟ್ಟಡ, ದಾನಿಗಳು, ಅಧ್ಯಾಪಕರು ನೆನಪಾಗುವುದು ಸಹಜ. ಮಕ್ಕಳ ಕೈಗೆ ಪುಸ್ತಕ ಎಲ್ಲಿಂದ ಬಂತೆಂಬುದೂ ಆ ಇತಿಹಾಸದ ಅಂಗವೇ. ಕಾಸರಗೋಡು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ಕನ್ನಡ ಪುಸ್ತಕಗಳಿಗೆ ಮಂಗಳೂರೇ ಆಸರೆ. ಅಲ್ಲಿ 1841ರಲ್ಲಿ ಆರಂಭವಾದ ಬಾಸೆಲ್ ಮಿಶನ್ ಮುದ್ರಣಾಲಯ ಶಾಲಾಪುಸ್ತಕಗಳನ್ನೂ ಅಚ್ಚು ಹಾಕುತ್ತಿತ್ತು. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿತು. ಪಠ್ಯಕ್ರಮ ತಿರುವನಂತಪುರದ್ದಾಯಿತು, ಮಾಧ್ಯಮ ಕನ್ನಡವಾಗಿಯೇ ಉಳಿಯಿತು. ಪಾಠಪುಸ್ತಕ ಕನ್ನಡದಲ್ಲಿ ದೊರೆತರೂ ಅದಕ್ಕೆ ಪೂರಕವಾದ ಓದು ವಿರಳವಾಯಿತು. ಕರ್ನಾಟಕದಲ್ಲಿ ಅಚ್ಚಾದುದು ಇಲ್ಲಿನ ಪಠ್ಯಕ್ರಮಕ್ಕೆ ಪೂರ್ತಿ ಹೊಂದದು. ಇಲ್ಲಿನ ಪಠ್ಯಕ್ರಮಕ್ಕೆಂದು ಸಿದ್ಧವಾದುದು ಹೆಚ್ಚಾಗಿ ಮಲೆಯಾಳದ್ದು. ಓದುಗರು ಕಡಿಮೆಯಿರುವಲ್ಲಿಗೆ ಪ್ರಕಾಶಕನೂ ಸುಲಭವಾಗಿ ಬಾರನು.

ಈ ಕೊರತೆಯನ್ನು ತುಂಬಬಲ್ಲ ಚಿಂತನೆಯೊಂದು ದೂರದಲ್ಲಿ ರೂಪುಗೊಂಡಿತು. 2001ರಲ್ಲಿ ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆ ತನ್ನ ಪಾಠಸಾಮಗ್ರಿಯನ್ನು ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸುವುದಾಗಿ ಘೋಷಿಸಿತು. 2002ರ ಜುಲೈಯಲ್ಲಿ ಯುನೆಸ್ಕೋ ಪ್ಯಾರಿಸಿನಲ್ಲಿ ಕರೆದ ಸಭೆ ಇಂತಹ ಸಾಮಗ್ರಿಗೆ ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ಹೆಸರನ್ನಿತ್ತಿತು. ಅದೇ ವರ್ಷದ ಡಿಸೆಂಬರಿನಲ್ಲಿ ಹೊರಬಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು, ಕೃತಿಕಾರನು ತನ್ನ ಹಕ್ಕನ್ನು ಉಳಿಸಿಕೊಂಡೇ ಇತರರಿಗೆ ಬಳಸಲು ಅನುಮತಿ ನೀಡುವ ದಾರಿಯನ್ನು ತೆರೆದವು.

ಕನ್ನಡವೂ ಹಿಂದುಳಿಯಲಿಲ್ಲ. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶವನ್ನು 2014ರಲ್ಲಿ ಇಂತಹ ಮುಕ್ತ ಪರವಾನಗಿಗೆ ಒಳಪಡಿಸಿತು. ಕರ್ನಾಟಕದ ಶಿಕ್ಷಣ ಇಲಾಖೆಯ ಡಿ.ಎಸ್.ಇ.ಆರ್.ಟಿ., ಐಟಿ ಫಾರ್ ಚೇಂಜ್ ಸಂಸ್ಥೆಯೊಡನೆ ಕೂಡಿ ಕೈಗೊಂಡ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಯೋಜನೆಯಲ್ಲಿ ಸರಕಾರಿ ಪ್ರೌಢಶಾಲೆಗಳ ಅಧ್ಯಾಪಕರೇ ಪಾಠಸಾಮಗ್ರಿ ಬರೆಯುವವರಾದರು.

ಇಲ್ಲಿ ಒಂದು ಭೇದವನ್ನು ಮನಗಾಣಬೇಕು. ಉಚಿತವಾದುದೆಲ್ಲ ಮುಕ್ತವಲ್ಲ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಲ್ಲಿಯೂ ಮಾರ್ಪಾಡಿಗೆ ಅವಕಾಶವೀಯದ ಬಗೆಗಳುಂಟು. ಗಡಿನಾಡಿನ ಶಾಲೆಗೆ ಓದುವ ಅನುಮತಿಯಷ್ಟೇ ಸಾಲದು, ತಿದ್ದುವ ಅನುಮತಿಯೂ ಬೇಕು. ಬಯಲುಸೀಮೆಯ ಮಕ್ಕಳಿಗಾಗಿ ಬರೆದ ಅಂತರ್ಜಲದ ಪಾಠದಲ್ಲಿ ಕೆರೆ, ಕೊಳವೆಬಾವಿಗಳು ಬರುತ್ತವೆ. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು ನೀರು ತರುವ ನಮ್ಮ ಸುರಂಗ ಅದರಲ್ಲಿ ಇರದು. ಮುಕ್ತ ಪಾಠವಾದರೆ ಇಲ್ಲಿನ ಅಧ್ಯಾಪಕರು ಸುರಂಗದ ಒಂದು ಪುಟ ಸೇರಿಸಿ, ಮೂಲ ಲೇಖಕರ ಹೆಸರನ್ನು ಉಳಿಸಿ, ಮರಳಿ ಎಲ್ಲರಿಗೂ ಒಪ್ಪಿಸಬಹುದು. ಆ ಪುಟವನ್ನು ಆದೋನಿಯ ಅಧ್ಯಾಪಕರು ತಮ್ಮ ನೆಲಕ್ಕೆ ಒಪ್ಪುವಂತೆ ಮತ್ತೆ ತಿದ್ದಬಹುದು.

ಒಂದೊಂದು ಶಾಲೆಗೂ ಪ್ರತ್ಯೇಕ ಗ್ರಂಥಮಾಲೆ ಹೊರತರುವ ಬಲವಿಲ್ಲ. ವರ್ಷಕ್ಕೊಂದು ಪಾಠವನ್ನು ತಿದ್ದಿ ಹಂಚುವ ಬಲವಾದರೂ ಇದೆ. ಹಿಂದಿನವರು ಊರವರ ನೆರವಿನಿಂದ ಕಟ್ಟಿದ ಶಾಲೆಗೆ ಮುಂದಿನ ಶತಮಾನದಲ್ಲಿ ನಾವು ಸೇರಿಸಬೇಕಾದುದು, ಹೀಗೆ ಎಲ್ಲರೂ ಕೂಡಿ ಕಟ್ಟುವ ಈ ಪುಸ್ತಕದ ಕಪಾಟನ್ನು.