ಅಮೆರಿಕದ 120, ನಮ್ಮ 230: ನಡುವೆ ನಿಂತ ಟಿಸಿ

ಹೋದ ವರ್ಷ ನಮ್ಮ ಪಕ್ಕದ ಊರಿನ ಒಂದು ಮನೆಯಲ್ಲಿ ನಡೆದದ್ದು. ಅಮೆರಿಕದಲ್ಲಿರುವ ಮಗಳು, ದಮ್ಮಿನ ತೊಂದರೆಯಿರುವ ಅಪ್ಪನಿಗೆಂದು ಅಲ್ಲಿಂದ ನೆಬ್ಯುಲೈಸರ್ ತಂದಿದ್ದರು. ಅದರ ಪಿನ್ನು ನಮ್ಮ ಸಾಕೆಟ್‌ಗೆ ಕೂರಲಿಲ್ಲ. ಪೇಟೆಯಿಂದ ಅಡಾಪ್ಟರ್ ತಂದು ಸಿಕ್ಕಿಸಿ ಸ್ವಿಚ್ ಹಾಕಿದರು. ಮಷಿನ್ ಜೋರಾಗಿ ಗುಂಯ್‌ಗುಟ್ಟಿತು, ಸುಟ್ಟ ವಾಸನೆ ಬಂತು, ನಿಂತುಹೋಯಿತು. ಅದೇ ರಾತ್ರಿ ಅಪ್ಪನನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು.

"ನಮ್ಮೂರ ಕರೆಂಟೇ ಇಷ್ಟು ಬಿಡಪ್ಪ" ಎಂದರು ಮನೆಯವರು. ಆ ದಿನ ಕರೆಂಟಿನ ತಪ್ಪೇನೂ ಇರಲಿಲ್ಲ. ಮಷಿನ್ 120 ವೋಲ್ಟ್‌ನದು, ನಮ್ಮ ಮನೆಗೆ ಬರುವುದು 230. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ, ವೋಲ್ಟೇಜನ್ನಲ್ಲ.

ಅವರಿಗೊಂದು, ನಮಗೊಂದು ವೋಲ್ಟೇಜ್ ಯಾಕೆ? ಇದರ ಬೇರು 1882ರಲ್ಲಿದೆ. ಆ ವರ್ಷ ಥಾಮಸ್ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್‌ನಲ್ಲಿ ವಿದ್ಯುತ್ ಕೇಂದ್ರ ತೆರೆದ. ಅವನ ಬಲ್ಬುಗಳಿಗೆ ಹೊಂದುವಂತೆ ಸುಮಾರು 110 ವೋಲ್ಟ್‌ನ ಡಿಸಿ ಕರೆಂಟ್ ಕೊಟ್ಟ. ಆದರೆ ಅದನ್ನು ಒಂದು ಮೈಲಿ ದಾಟಿಸುವುದೇ ಕಷ್ಟವಾಯಿತು. ವೋಲ್ಟೇಜ್ ಕಡಿಮೆಯಿದ್ದರೆ ತಂತಿಯಲ್ಲಿ ಹೆಚ್ಚು ಆಂಪಿಯರ್ ಹರಿಯಬೇಕು. ಆಗ ತಂತಿ ಕಾಯುತ್ತದೆ, ಕರೆಂಟ್ ದಾರಿಯಲ್ಲೇ ಸೋರುತ್ತದೆ. ತಡೆಯಲು ದಪ್ಪ ತಾಮ್ರ ಬೇಕು, ತಾಮ್ರಕ್ಕೆ ದುಡ್ಡು ಬೇಕು.

ಇದಕ್ಕೆ ದಾರಿ ತೋರಿಸಿದ್ದು ಎಸಿ ಕರೆಂಟ್ ಮತ್ತು ಟ್ರಾನ್ಸ್‌ಫಾರ್ಮರ್. 1885ರಲ್ಲಿ ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಜಿಪೆರ್ನೊವ್ಸ್ಕಿ, ಬ್ಲಾಥಿ, ಡೇರಿ ಎಂಬ ಮೂವರು ಎಂಜಿನಿಯರುಗಳು ಬಳಕೆಗೆ ಒಗ್ಗುವ ಟ್ರಾನ್ಸ್‌ಫಾರ್ಮರ್ ಮಾಡಿದರು. ಮರುವರ್ಷ ಅಮೆರಿಕದಲ್ಲಿ ವಿಲಿಯಂ ಸ್ಟ್ಯಾನ್ಲಿ ಅಂಥದ್ದರಿಂದಲೇ ಒಂದು ಊರಿನ ಅಂಗಡಿಗಳಿಗೆ ದೀಪ ಕೊಟ್ಟ. ಒಳಗಿನ ಕೆಲಸ ಸರಳ: ಕಬ್ಬಿಣದ ಮೇಲೆ ಎರಡು ತಂತಿ ಸುರುಳಿ. ಒಂದರ ಸುತ್ತು ಇನ್ನೊಂದರ ಅರ್ಧವಾದರೆ ವೋಲ್ಟೇಜೂ ಅರ್ಧ.

1899ರಲ್ಲಿ ಬರ್ಲಿನ್‌ನ ವಿದ್ಯುತ್ ಕಂಪನಿ ಮನೆಗಳ ವೋಲ್ಟೇಜನ್ನೇ 110ರಿಂದ 220ಕ್ಕೆ ಏರಿಸಿತು. ವೋಲ್ಟೇಜ್ ಎರಡು ಪಟ್ಟಾದರೆ ಅದೇ ತಂತಿಯಲ್ಲಿ ಸೋರಿಕೆ ಕಾಲು ಭಾಗಕ್ಕಿಳಿಯುತ್ತದೆ. ಯುರೋಪ್ ಆ ದಾರಿ ಹಿಡಿಯಿತು. ಬ್ರಿಟಿಷರ ಕೈಕೆಳಗಿದ್ದ ನಾವೂ 230ರ ಕಡೆಗೆ ಬಂದೆವು. ಅಮೆರಿಕದಲ್ಲಿ ಆ ಹೊತ್ತಿಗೆ ಹಳೆಯ ವೋಲ್ಟೇಜಿನ ಬಲ್ಬು, ಉಪಕರಣ ಬಳಕೆಗೆ ಬಂದಿದ್ದವು. ಬದಲಿಸಲಾಗಲಿಲ್ಲ.

ನಮ್ಮ ನೆಲಕ್ಕೆ ಟ್ರಾನ್ಸ್‌ಫಾರ್ಮರ್ ಮಹತ್ವ ತೋರಿಸಿದ್ದು ಶಿವನಸಮುದ್ರ. 1902ರಲ್ಲಿ ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು. ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿ ಕಳಿಸಿ, ಗಣಿಯಲ್ಲಿ ಇಳಿಸಿಕೊಂಡರು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಈಗ ನಿಮ್ಮೂರ ಕಂಬದ ಟಿಸಿ ಮಾಡುವುದೂ ಅದೇ ಕೆಲಸ: 11 ಸಾವಿರ ವೋಲ್ಟನ್ನು ಮನೆಗೆ, ಪಂಪ್‌ಸೆಟ್‌ಗೆ ತಕ್ಕಷ್ಟು ಇಳಿಸುವುದು.

ಅಮೆರಿಕದ ಉಪಕರಣಕ್ಕೆ ಬೇಕಿರುವ ಸ್ಟೆಪ್‌ಡೌನ್ ಪೆಟ್ಟಿಗೆ ಆ ಟಿಸಿಯ ಪುಟ್ಟ ತಮ್ಮ. ಕೊಳ್ಳುವ ಮೊದಲು ಉಪಕರಣದ ಹಿಂದಿನ ಚೀಟಿ ಓದಿ. 100-240 ವೋಲ್ಟ್ ಎಂದಿದ್ದರೆ (ಮೊಬೈಲ್ ಚಾರ್ಜರುಗಳು ಬಹುತೇಕ ಹೀಗೇ) ಪಿನ್ ಅಡಾಪ್ಟರ್ ಸಾಕು. ಬರೀ 110 ಅಥವಾ 120 ಎಂದಿದ್ದರೆ ಪೆಟ್ಟಿಗೆ ಬೇಕೇ ಬೇಕು, ಅದರ ವ್ಯಾಟ್ ಉಪಕರಣದ ವ್ಯಾಟ್‌ಗಿಂತ ಹೆಚ್ಚಿರಬೇಕು.

ಇನ್ನೊಂದು ಮಾತು. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಬದಲಿಸುತ್ತದೆಯೇ ಹೊರತು ಹರ್ಟ್ಜ್ ಅಲ್ಲ. ಅಮೆರಿಕದ್ದು 60, ನಮ್ಮದು 50. ಬರೀ 60 ಎಂದು ಬರೆದಿರುವ ಮೋಟಾರಿನ ಉಪಕರಣ ಪೆಟ್ಟಿಗೆಯಿದ್ದರೂ ಸರಿಯಾಗಿ ಓಡದಿರಬಹುದು, ಕಾಯಬಹುದು. ಹಾಗಾಗಿ ಉಸಿರಿಗೆ ಸಂಬಂಧಿಸಿದ ಯಂತ್ರವನ್ನು ಇಲ್ಲೇ ಕೊಳ್ಳುವುದು ಲೇಸು. ಆ ಮನೆಯವರೂ ಕೊನೆಗೆ ಹಾಗೇ ಮಾಡಿದರು. ಅಪ್ಪ ಈಗ ರಾತ್ರಿ ನಿದ್ದೆ ಮಾಡುತ್ತಾರೆ.