ಒಂದು ನಟ್ಟಿನ ಕಥೆ: ಕಾರಿನ ಸಸ್ಪೆನ್ಷನ್ ತಿರುಗಿಸೋ ಹುಚ್ಚು ಶುರುವಾದದ್ದು ಎಲ್ಲಿಂದ?

ಇವತ್ತು ಒಂದು ನಟ್ಟಿನ ಕಥೆ ಕೇಳೋಣ.

ರೀಲ್ಸ್‌ನಲ್ಲಿ ನೀವು ನೋಡಿರ್ತೀರಿ. ಮನೆ ಮುಂದೆ ಕಾರು ಜಾಕ್ ಮೇಲೆ ನಿಂತಿದೆ, ಚಕ್ರ ಬಿಚ್ಚಿದೆ, ಪಕ್ಕದಲ್ಲಿ ಹೊಸ ಕಾಯಿಲೋವರ್ ಸೆಟ್ಟು. ಬಣ್ಣ ಬಣ್ಣದ ಸ್ಪ್ರಿಂಗು, ಅದರೊಳಗೆ ಶಾಕ್ ಅಬ್ಸಾರ್ಬರ್, ಹೊರಗಡೆ ಥ್ರೆಡ್ ಕೊರೆದ ಕೊಳವೆ, ಆ ಥ್ರೆಡ್ ಮೇಲೊಂದು ದೊಡ್ಡ ರಿಂಗು. ಕಟ್ ಮಾಡಿದರೆ ಮುಂದಿನ ಶಾಟ್‌ನಲ್ಲಿ ಕಾರು ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಕೂತಿರುತ್ತೆ. ಕೆಳಗೆ ಬೆಂಕಿ ಎಮೋಜಿಗಳ ಸಾಲು.

ಆ ರಿಂಗು ಇರೋದೇ ಕಾರು ಇಳಿಸೋಕೆ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದೇವೆ. ಆದರೆ ಇತಿಹಾಸ ಬೇರೆ ಹೇಳುತ್ತೆ. ಸಸ್ಪೆನ್ಷನ್ ಅಡ್ಜಸ್ಟ್ ಮಾಡೋ ಅಭ್ಯಾಸಕ್ಕೆ ನೂರು ವರ್ಷ ದಾಟಿದೆ, ಮತ್ತು ಅದು ಶುರುವಾದಾಗ ಎತ್ತರದ ಮಾತೇ ಇರಲಿಲ್ಲ.

20ನೇ ಶತಮಾನದ ಆರಂಭಕ್ಕೆ ಹೋಗೋಣ. ಆಗಿನ ಕಾರುಗಳಿಗೆ ಇದ್ದದ್ದು ಕುದುರೆ ಗಾಡಿಯಿಂದ ಬಂದ ಪಟ್ಟಿ ಸ್ಪ್ರಿಂಗು. ಸ್ಪ್ರಿಂಗಿನ ಸ್ವಭಾವ ಗೊತ್ತಲ್ಲ, ಹೊಡೆತ ತಿನ್ನುತ್ತೆ, ಆದರೆ ತಿಂದದ್ದನ್ನ ವಾಪಸ್ ಕೊಡುತ್ತೆ. ಗುಂಡಿಗೆ ಒಮ್ಮೆ ಇಳಿದ ಕಾರು ನಾಲ್ಕು ಸಲ ಕುಣಿಯೋದು. ಫ್ರಾನ್ಸಿನ ಟ್ರುಫೋ ಅನ್ನುವವನು ಈ ಕುಣಿತಕ್ಕೊಂದು ಉಪಾಯ ಕಂಡುಹಿಡಿದ, ಅಮೆರಿಕದ ಎಡ್ವರ್ಡ್ ಹಾರ್ಟ್‌ಫರ್ಡ್ ಅದನ್ನ ಮಾರುಕಟ್ಟೆಗೆ ತಂದ. ಕತ್ತರಿಯ ಹಾಗೆ ಎರಡು ತೋಳು, ಕೂಡುವ ಜಾಗದಲ್ಲಿ ಉಜ್ಜಾಡುವ ಬಿಲ್ಲೆಗಳು, ನಡುವೆ ಒಂದು ಬೋಲ್ಟು, ಅದಕ್ಕೊಂದು ನಟ್ಟು. ಅಷ್ಟೇ ಸ್ವಾಮಿ. ನಟ್ಟು ಬಿಗಿ ಮಾಡಿದರೆ ಘರ್ಷಣೆ ಜಾಸ್ತಿ, ಕುಣಿತ ಕಮ್ಮಿ. ಸಡಿಲ ಬಿಟ್ಟರೆ ಮೆತ್ತಗೆ. ಬಿಲ್ಲೆ ಸವೆದರೆ ಇನ್ನೊಂದಿಷ್ಟು ತಿರುಗಿಸು. ಇದಕ್ಕೆ ವರ್ಕ್‌ಶಾಪ್ ಬೇಕಿರಲಿಲ್ಲ, ಕಾರಿನ ಯಜಮಾನನ ಕೈಯಲ್ಲಿ ಒಂದು ಸ್ಪ್ಯಾನರ್ ಸಾಕಿತ್ತು. 1930ರ ದಶಕದಲ್ಲಂತೂ ಕೆಲವು ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಲ್ಲಿ ಡ್ರೈವರ್ ಕೂತಲ್ಲಿಂದಲೇ ಈ ಬಿಗಿ ಬದಲಿಸಬಹುದಿತ್ತು!

ಮುಂದೆ ಎಣ್ಣೆ ತುಂಬಿದ ಕೊಳವೆ ಶಾಕ್‌ಗಳು ಬಂದವು. ಇಲ್ಲಿ ನನಗೆ ಇಷ್ಟವಾದ ಪಾತ್ರ ನೆದರ್ಲೆಂಡ್ಸಿನ ಕೋನಿ. 1857ರಲ್ಲಿ ಕುದುರೆ ಜೀನು, ಸರಂಜಾಮು ಮಾಡೋ ಅಂಗಡಿಯಾಗಿ ಶುರುವಾದ ಕಂಪನಿ ಇದು. ಕುದುರೆ ಹೋಗಿ ಕಾರು ಬಂತು, ಇವರು ಶಾಕ್ ಅಬ್ಸಾರ್ಬರ್‌ಗೆ ತಿರುಗಿಕೊಂಡರು. ಅವರ ಹಳೇ ಶಾಕ್‌ಗಳನ್ನ ಅಡ್ಜಸ್ಟ್ ಮಾಡೋ ವಿಧಾನ ಕೇಳಿ: ಕಾರಿಂದ ಬಿಚ್ಚಬೇಕು, ಪೂರ್ತಿ ಕೆಳಗೆ ಒತ್ತಬೇಕು, ಒಳಗಿನ ಹಲ್ಲು ಕಚ್ಚಿಕೊಂಡ ಮೇಲೆ ತಿರುಗಿಸಬೇಕು, ಮತ್ತೆ ಕಾರಿಗೆ ಹಾಕಬೇಕು. ಬದಲಾಗೋದು ಶಾಕ್ ಹಿಗ್ಗುವಾಗಿನ ಬಿಗಿ ಮಾತ್ರ. ಕಾರು ಒಂದು ಮಿಲಿಮೀಟರ್ ಕೂಡ ಇಳಿಯಲ್ಲ, ಯಾರ ಕಣ್ಣಿಗೂ ಬೀಳಲ್ಲ. ರೀಲ್ಸ್ ಮಾಡೋಕೆ ಏನೂ ಇಲ್ಲ! ಆದರೂ ಜನ ಭಾನುವಾರ ಪೂರ್ತಿ ಕೂತು ಮಾಡಿದರು, ಯಾಕಂದ್ರೆ ಸವೆದ ಶಾಕ್ ಇದರಿಂದ ಮತ್ತೆ ಬಿಗಿಯಾಗುತ್ತಿತ್ತು.

ಈ ಕೆಲಸ ಅಪಾಯದ್ದಾಗಿದ್ದು ಅರ್ಲ್ ಮ್ಯಾಕ್‌ಫರ್ಸನ್ ಬಂದ ಮೇಲೆ. ಅಮೆರಿಕದ ಎಂಜಿನಿಯರ್. ಜನರಲ್ ಮೋಟರ್ಸ್‌ನಲ್ಲಿ ಸಣ್ಣ ಕಾರಿಗೆ ಅಂತ ಕೆಲಸ ಮಾಡ್ತಿದ್ದ, ಆ ಯೋಜನೆ ರದ್ದಾಯಿತು, 1947ರಲ್ಲಿ ಫೋರ್ಡ್ ಸೇರಿದ. ಶಾಕ್ ಮತ್ತು ಸ್ಪ್ರಿಂಗ್ ಎರಡನ್ನೂ ಒಂದೇ ಕಂಬವಾಗಿ ಕಟ್ಟೋದು ಅವನ ಐಡಿಯಾ. 1950ರಲ್ಲಿ ಬ್ರಿಟನ್ನಿನ ಫೋರ್ಡ್ ಕಾನ್ಸುಲ್‌ನಲ್ಲಿ ಅದು ಬಂತು. ಅಗ್ಗ, ಹಗುರ, ಜಾಗ ಉಳಿಸುತ್ತೆ. ಜಗತ್ತೆಲ್ಲ ಹಬ್ಬಿತು. 1983ರಲ್ಲಿ ನಮ್ಮ ರಸ್ತೆಗೆ ಬಂದ ಮಾರುತಿ 800ರ ಮುಂದಿನ ಚಕ್ರಗಳ ಹಿಂದೆ ಇದ್ದದ್ದೂ ಇದೇ ಸ್ಟ್ರಟ್.

ಆದರೆ ಆ ಕಂಬದೊಳಗೆ ಸ್ಪ್ರಿಂಗು ಸದಾ ಒತ್ತಿಕೊಂಡೇ ಕೂತಿರುತ್ತೆ. ತಲೆಯ ಮೇಲಿನ ಒಂದೇ ಒಂದು ನಟ್ಟು ಅದನ್ನ ಹಿಡಿದಿಟ್ಟಿರುತ್ತೆ. ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ಆ ನಟ್ಟು ಬಿಚ್ಚಿದರೆ ಮೇಲಿನ ತಟ್ಟೆ ಗುಂಡಿನ ಹಾಗೆ ಹಾರುತ್ತೆ. ಕೈ, ಮುಖ, ಕಣ್ಣು, ಯಾವುದಕ್ಕೂ ಬೀಳಬಹುದು. "ಕಾಯಿಲೋವರ್ ಜೋಡಿಸಿಯೇ ಬರುತ್ತೆ, ನಮಗೇನು ಭಯ" ಅಂತೀರಾ? ಎಷ್ಟೋ ಕಿಟ್‌ಗಳಲ್ಲಿ ಮೇಲಿನ ಮೌಂಟ್ ಕೊಡಲ್ಲ, ಹಳೇದನ್ನೇ ಬಿಚ್ಚಿ ಹಾಕಬೇಕು. ಅಂದ್ರೆ ಹಳೇ ಸ್ಟ್ರಟ್ ತೆಗೆಯಲೇಬೇಕು. ವಿಡಿಯೋದಲ್ಲಿ ಕಟ್ ಆಗೋ ಭಾಗ ಸಾಮಾನ್ಯವಾಗಿ ಇದೇ.

ಎತ್ತರದ ಹುಚ್ಚಿಗೆ ದೊಡ್ಡ ಹೆಸರು ತಂದುಕೊಟ್ಟಿದ್ದು ಜಪಾನ್. ಅಲ್ಲಿ ಈ ಸಾಮಾನಿಗೆ ಷಾಕೋಚೋ ಅಂತ ಕರೀತಾರೆ, ಎತ್ತರ ಹೊಂದಿಸೋದು ಅಂತ ಅರ್ಥ. ಬೆಟ್ಟದ ತಿರುವುಗಳಲ್ಲಿ ರಾತ್ರಿ ಓಡಿಸೋ ಹುಡುಗರು, 1983ರ ಟೊಯೋಟಾ ಎಇ86, ಎಲ್ಲ ಸೇರಿ ಒಂದು ಲೋಕವೇ ಬೆಳೆಯಿತು. 1995ರಲ್ಲಿ ಅಲ್ಲಿನ ಸರ್ಕಾರ ಮಾರ್ಪಾಡಿನ ನಿಯಮ ಸಡಿಲಿಸಿತು. ಆದರೆ ನೆಲದಿಂದ 9 ಸೆಂಟಿಮೀಟರ್ ಅಂತರ ಇರಲೇಬೇಕು ಅನ್ನೋದನ್ನ ಬಿಡಲಿಲ್ಲ. 1997ರಲ್ಲಿ ಗ್ರ್ಯಾನ್ ಟುರಿಸ್ಮೊ ಗೇಮ್ ಬಂತು. ಡ್ಯಾಂಪರ್, ಸ್ಪ್ರಿಂಗ್ ರೇಟ್, ಕ್ಯಾಂಬರ್ ಅನ್ನೋ ಪದಗಳನ್ನ ಒಂದಿಡೀ ತಲೆಮಾರು ಕಲಿತದ್ದು ಆ ಸ್ಕ್ರೀನ್ ಮುಂದೆ, ಗ್ರೀಸ್ ಮುಟ್ಟದೆ. ನಾನೂ ಅದೇ ಗಿರಾಕಿ, ಒಪ್ಪಿಕೊಳ್ತೀನಿ.

ಗೇಮ್‌ನಲ್ಲಿ ಇಳಿಸಿದರೆ ಕೆಲಸ ಮುಗೀತು. ಮನೆ ಮುಂದೆ ಹಾಗಲ್ಲ. ಸಾದಾ ಕಾಯಿಲೋವರ್‌ನಲ್ಲಿ ರಿಂಗು ಇಳಿಸಿದರೆ ಸ್ಪ್ರಿಂಗಿನ ತಳವೇ ಇಳಿಯುತ್ತೆ. ಅತಿಯಾಗಿ ಇಳಿಸಿದರೆ ಚಕ್ರ ಜೋಲಾಡಿದಾಗ ಸ್ಪ್ರಿಂಗು ಸಡಿಲವಾಗಿ ಕೂತ ಜಾಗದಿಂದ ಜಾರಬಹುದು. ಅದಕ್ಕೇ ಒಳ್ಳೆಯವುಗಳಲ್ಲಿ ಕೊಳವೆಯ ಬುಡಕ್ಕೂ ಥ್ರೆಡ್ ಇರುತ್ತೆ, ಎತ್ತರ ಬೇರೆ, ಸ್ಪ್ರಿಂಗಿನ ಬಿಗಿತ ಬೇರೆ. ರಬ್ಬರ್ ಬುಷ್ ಇರೋ ಬೋಲ್ಟುಗಳನ್ನ ಕೊನೆಯ ಬಿಗಿ ಮಾಡೋದು ಚಕ್ರದ ಮೇಲೆ ಕಾರಿನ ಭಾರ ಬಿದ್ದ ಮೇಲೆ. ಗಾಳಿಯಲ್ಲಿ ನೇತಾಡುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡೇ ಬದುಕಿ ಬೇಗ ಹರಿಯುತ್ತೆ. ಎತ್ತರ ಬದಲಾಯಿತು ಅಂದ್ರೆ ಚಕ್ರದ ಕೋನವೂ ಬದಲಾಯಿತು. ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರು ಒಂದೇ ಕಡೆ ಸವೆಯುತ್ತೆ. ಮತ್ತೆ ಜಾಕ್ ಮೇಲಷ್ಟೇ ನಿಂತ ಕಾರಿನ ಕೆಳಗೆ ಕೈ ಹಾಕಬೇಡಿ, ಸ್ಟ್ಯಾಂಡ್ ಕೊಡಿ.

ಕಾನೂನು? 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಅಂದಿತು. ಅದೇ ವರ್ಷದ ತಿದ್ದುಪಡಿ ಪ್ರಕಾರ ಅನುಮತಿ ಇಲ್ಲದ ಮಾರ್ಪಾಡು ಒಂದೊಂದಕ್ಕೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಕೂಡ ಆಗಬಹುದು. ರಿಂಗು ನಾಲ್ಕು ಸುತ್ತು ತಿರುಗಿಸಿದ್ದು ವಾಹನದ ಮೂಲ ಲಕ್ಷಣ ಬದಲಿಸಿದ ಹಾಗಾ? ರಸ್ತೆ ಬದಿ ನಿಂತು ಇನ್ಸ್‌ಪೆಕ್ಟರ್ ಜೊತೆ ಬಗೆಹರಿಸಿಕೊಳ್ಳೋ ಪ್ರಶ್ನೆ ಅಲ್ಲ ಇದು. ಮೊದಲೇ ಆರ್‌ಟಿಒ ಹತ್ತಿರ ವಿಚಾರಿಸಿ.

ಇಷ್ಟಾದ ಮೇಲೂ ಹಾಕಿಸ್ತೀನಿ ಅನ್ನೋರಿಗೆ ಒಂದು ಮಾತು. ನಿಮ್ಮ ಕಿಟ್‌ನಲ್ಲಿ ಬಿಗಿ ಬದಲಿಸೋ ಗುಂಡಿ ಇದ್ದರೆ, ಹೆಚ್ಚಾಗಿ ಶಾಕ್‌ನ ತಲೆಯ ಮೇಲೆ, ಮೊದಲು ಅದನ್ನ ಎರಡು ಕ್ಲಿಕ್ ತಿರುಗಿಸಿ, ನಿಮ್ಮ ಬೀದಿಯ ಹಂಪ್ ಮೇಲೆ ಒಮ್ಮೆ ಹೋಗಿ ಬನ್ನಿ. ಹಾರ್ಟ್‌ಫರ್ಡ್‌ನ ನಟ್ಟು ಅಂದ್ರೆ ಅದೇ. ಎತ್ತರದ ರಿಂಗಿಗೆ ಆಮೇಲೆ ಕೈ ಹಾಕಿದರಾಯಿತು. ಎರಡು ಮಳೆಗಾಲದ ಕೆಸರು ತಿಂದ ಮೇಲೆ ಅದು ತಿರುಗಿದರೆ!